ಬಣ್ಣ ಹೇಳುವ ಮಾತು

ಮನುಷ್ಯನಾದವನಿಗೆ ಯಾವುದಾದರೊಂದು ಹುಚ್ಚು ಇದ್ದೇ ಇರುತ್ತದೆಯಷ್ಟೆ. ನನ್ನದು ಬಹಳ ಅಗ್ಗದ ಹುಚ್ಚು ಎಂದು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಅದರ ಮುಖಬೆಲೆ ಐದು ಸೆಂಟು. 1978ರಲ್ಲಿ ಉದ್ಯೋಗಕ್ಕೆಂದು ಅಮೆರಿಕದ ಓಹಾಯೋ ಪ್ರಾಂತಕ್ಕೆ ಬಂದು ಅಲ್ಲಿಯೇ ನೆಲೆಸಿದ ನಾನು, ಆ ದೇಶದ ಹಳೆಯ ಐದು ಸೆಂಟಿನ ನಾಣ್ಯಗಳನ್ನು ಕೂಡಿಡುತ್ತ ಬಂದಿದ್ದೇನೆ. ಅದರಲ್ಲಿಯೂ ಥಳಥಳಿಸುವ ನಾಣ್ಯಗಳು ನನಗೆ ಬೇಡ. ಯಾರೂ ಮುಟ್ಟದೆ, ಯಾರೂ ತಿಕ್ಕದೆ, ಕಾಲ ಕಳೆದಂತೆ ತಾವಾಗಿಯೇ ಬಣ್ಣವೇರಿದ ನಾಣ್ಯಗಳೇ ಬೇಕು. ಇಂಥವು ಅಂಗಡಿಯ ಚಿಲ್ಲರೆಯಲ್ಲಿ ಸಿಕ್ಕುವುದಿಲ್ಲ. ಹರಾಜಿಗೆ ಹೋಗಿ, ಸವಾಲು ಕೂಗಿ, ಮನೆಯವರಿಗೆ ಅರ್ಧ ಬೆಲೆ ಹೇಳಿ ತರಬೇಕು. ಹುಚ್ಚು ಅಗ್ಗದ್ದಲ್ಲವೆಂದು ತಿಳಿದದ್ದು ಆಮೇಲೆ.

ಆ ನಾಣ್ಯವನ್ನು ಅಲ್ಲಿನ ಜನ ‘ನಿಕಲ್’ ಎಂದು ಕರೆಯುತ್ತಾರೆ. ಹೆಸರಿನಲ್ಲಿಯೇ ಒಂದು ಸಣ್ಣ ಸುಳ್ಳಿದೆ. 1866ರಲ್ಲಿ ಮೊದಲು ಅಚ್ಚಾದಂದಿನಿಂದಲೂ ಅದರಲ್ಲಿ ನೂರಕ್ಕೆ 75 ಪಾಲು ತಾಮ್ರ. ನಿಕಲ್ ಲೋಹ 25 ಪಾಲು ಮಾತ್ರ. ಎರಡನೆಯ ಮಹಾಯುದ್ಧದ ನಡುವೆ, 1942ರಿಂದ 1945ರವರೆಗೆ, ನಿಕಲ್ ಲೋಹ ಯುದ್ಧಸಾಮಗ್ರಿಗೆ ಬೇಕಾಯಿತೆಂದು 56 ಪಾಲು ತಾಮ್ರ, 35 ಪಾಲು ಬೆಳ್ಳಿ, 9 ಪಾಲು ಮ್ಯಾಂಗನೀಸ್ ಸೇರಿಸಿ ಅಚ್ಚು ಹಾಕಿದರು. ಆಗ ನಿಕಲ್ ಲವಲೇಶವೂ ಇರಲಿಲ್ಲ. ಹೆಸರು ಮಾತ್ರ ಕದಲಲಿಲ್ಲ. ನಮ್ಮಲ್ಲಿ ಹಿಂದೆ ಚಲಾವಣೆಯಲ್ಲಿದ್ದ, ಹೂವಿನೆಸಳಿನಂತೆ ಅಂಚಿದ್ದ ಒಂದಾಣೆಯನ್ನು ಕಂಡವರಿಗೆ ಈ ತಾಮ್ರ-ನಿಕಲ್ ಬೆರಕೆಯ ಬಿಳುಪು ಪರಿಚಯವಿದ್ದೀತು.

ಇಂಥ ನಾಣ್ಯಕ್ಕೆ ಬಣ್ಣ ಬರುವುದು ಹೇಗೆ? ಗಾಳಿ, ತೇವ, ಇಟ್ಟಿದ್ದ ಕಾಗದ ರಟ್ಟುಗಳಲ್ಲಿ ಅಡಗಿರುವ ಗಂಧಕ, ಇವು ಲೋಹದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಕಟ್ಟುತ್ತವೆ. ಪೊರೆಯ ದಪ್ಪ ಎಷ್ಟಿದೆಯೋ ಅದಕ್ಕೆ ತಕ್ಕಂತೆ ಬೆಳಕು ಒಂದೊಂದು ಬಣ್ಣವಾಗಿ ಹಿಂದಿರುಗುತ್ತದೆ. ನೀರಿನ ಮೇಲೆ ಹರಡಿದ ಎಣ್ಣೆಯಲ್ಲಿ, ಸಾಬೂನಿನ ಗುಳ್ಳೆಯಲ್ಲಿ ಕಾಮನಬಿಲ್ಲು ಕಾಣುವುದೂ ಇದೇ ಕಾರಣದಿಂದ. ಮೊದಲು ಎಳೆ ಹಳದಿ, ಆಮೇಲೆ ಕೆನ್ನೇರಳೆ, ಆಮೇಲೆ ನೀಲಿ. ಅಮೆರಿಕದ ಟಂಕಸಾಲೆ 1947ರಿಂದ 1958ರವರೆಗೆ, 1950 ಒಂದನ್ನು ಬಿಟ್ಟು, ಆಯಾ ವರ್ಷದ ಹೊಸ ನಾಣ್ಯಗಳನ್ನು ರಟ್ಟಿನ ಹಲಗೆಗಳಲ್ಲಿ ಕೂಡಿಸಿ ಮಾರುತ್ತಿತ್ತು. ಅಗ್ಗವೆಂದು ಬಳಸಿದ ಆ ರಟ್ಟೇ ವರ್ಷಗಟ್ಟಲೆ ಉಸಿರಾಡಿ, ಯಾವ ಚಿತ್ರಕಾರನೂ ನಾಚುವಂತೆ ನಾಣ್ಯಗಳಿಗೆ ಬಣ್ಣ ಹಚ್ಚಿತು. ಹೀಗೆ ಮಾಡಬೇಕೆಂದು ಟಂಕಸಾಲೆಯಲ್ಲಿ ಯಾರೂ ಉದ್ದೇಶಿಸಿರಲಿಲ್ಲ. ನಾವು ಚೆಲುವೆಂದು ಹೊಗಳುವ ಈ ಬಣ್ಣವೂ ತುಕ್ಕಿನ ದಾಯಾದಿಯೇ ಎಂಬುದನ್ನು ಒಪ್ಪಿಕೊಳ್ಳಬೇಕು. ಪೊರೆ ದಪ್ಪವಾಗುತ್ತ ಹೋದರೆ ಕೊನೆಗೆ ಉಳಿಯುವುದು ಬರಿಯ ಕಪ್ಪು.

1986ರಲ್ಲಿ ನಮ್ಮ ತಾಯಿ ಮೈಸೂರಿನಿಂದ ನಮ್ಮಲ್ಲಿಗೆ ಬಂದು ನಾಲ್ಕು ತಿಂಗಳು ಇದ್ದರು. ಒಂದು ಸಂಜೆ ನಾನು ಕಚೇರಿಯಿಂದ ಬರುವ ವೇಳೆಗೆ, ರಟ್ಟಿನ ಹಲಗೆಯಿಂದ ಬಂದಿದ್ದ ನೀಲಿ-ನೇರಳೆಯ ನಾಣ್ಯವೊಂದು ಅಡಿಗೆಮನೆಯ ಕಟ್ಟೆಯ ಮೇಲೆ ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಹುಣಿಸೆಹಣ್ಣಿನ ಹಿಪ್ಪೆ. “ಏನಪ್ಪಾ, ಇಷ್ಟೆಲ್ಲ ಓದಿದವನು ಕಿಲುಬು ಹಿಡಿದ ಕಾಸನ್ನು ಡಬ್ಬಿಯಲ್ಲಿ ಸುತ್ತಿಟ್ಟಿದ್ದೀಯಲ್ಲ! ತಿಕ್ಕಿ ಇಟ್ಟಿದ್ದೀನಿ, ನೋಡು,” ಎಂದರು. ನಾನು ನೋಡಿದೆ. ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ದೇವರ ಪಾತ್ರೆಗಳನ್ನು ಅರುವತ್ತು ವರ್ಷ ಬೆಳಗಿದ ಕೈ ಅದು. ಅವರ ಲೆಕ್ಕದಲ್ಲಿ ಬೆಳಗದೆ ಬಿಟ್ಟ ಲೋಹವೆಂದರೆ ಮನೆಯವರ ಆಲಸ್ಯಕ್ಕೆ ಸಾಕ್ಷಿ. ನನ್ನ ಲೆಕ್ಕದಲ್ಲಿ ಅದೇ ಲೋಹ ಎಲ್ಲರೂ ತೋರಿದ ಸಂಯಮಕ್ಕೆ ಸಾಕ್ಷಿ. ಇಬ್ಬರಲ್ಲಿ ಯಾರು ಸರಿ ಎಂಬುದನ್ನು ಇಂದಿಗೂ ತೀರ್ಮಾನಿಸಲಾರೆ.

ಇದನ್ನೆಲ್ಲ ಹೇಳಹೊರಟದ್ದು ಇನ್ನೊಂದು ನಾಣ್ಯದ ಸಲುವಾಗಿ. ಕೆಲವು ವರ್ಷಗಳ ಹಿಂದೆ ಒಂದು ಹರಾಜಿನಲ್ಲಿ 1883ನೆಯ ಇಸವಿಯ ನಿಕಲ್ ಒಂದನ್ನು ಕಂಡೆ. ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿಯ ತಲೆ. ಇನ್ನೊಂದರಲ್ಲಿ ಹಾರದ ನಡುವೆ ಐದನ್ನು ಸೂಚಿಸುವ ರೋಮನ್ ಅಂಕಿ. ಅಂಚಿನಲ್ಲಿ ನೀಲಿ, ಅದರೊಳಗೆ ಗುಲಾಬಿ, ನಡುವೆ ಜೇನಿನ ಬಣ್ಣ. ಪಟ್ಟಿಯಲ್ಲಿ ‘ಸಹಜವಾಗಿ ಬಣ್ಣವೇರಿದ್ದು’ ಎಂದು ಅಚ್ಚಾಗಿತ್ತು. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಹರಾಜಿನ ಸಭೆಯಲ್ಲಿ ಮನುಷ್ಯನ ವಿವೇಕ ಮುಂದಿನ ಸಾಲಿನಲ್ಲಿ ಕೂರುವುದಿಲ್ಲ. ಎದುರಿಗೆ ಇನ್ನೊಬ್ಬ ಕೈ ಎತ್ತಿದನೆಂದರೆ ನಾಣ್ಯ ಇನ್ನಷ್ಟು ಚೆಲುವಾಗಿ ಕಾಣುತ್ತದೆ. 410 ಡಾಲರಿಗೆ ನನ್ನ ಹೆಸರಿಗೆ ನಿಂತಿತು. ಹರಾಜಿನವರ ಕಮಿಷನ್ನು ಬೇರೆ.

ಅಮೆರಿಕದಲ್ಲಿ ನಾಣ್ಯಗಳನ್ನು ಪರೀಕ್ಷಿಸಿ, ದರ್ಜೆ ಕೊಟ್ಟು, ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಮುದ್ರೆಯೊತ್ತಿ ಹಿಂದಿರುಗಿಸುವ ಸಂಸ್ಥೆಗಳಿವೆ. ಅಂಥ ಒಂದು ಕಡೆಗೆ ಕಳಿಸಿದೆ. ಆರು ವಾರದ ಮೇಲೆ ಉತ್ತರ ಬಂತು: ಬಣ್ಣ ಸಂದೇಹಾಸ್ಪದ. ಎಂದರೆ, ಈ ಬಣ್ಣ ಕಾಲ ಕೊಟ್ಟದ್ದಲ್ಲ. ಯಾರೋ ಶಾಖದಿಂದಲೋ ರಾಸಾಯನಿಕದಿಂದಲೋ ಬರಿಸಿದ್ದಿರಬೇಕು ಎಂಬ ಗುಮಾನಿ. ಗುಮಾನಿಯೇ ಹೊರತು ತೀರ್ಪಲ್ಲ.

ನನ್ನ ಮುಖ ನೋಡಿ ಮನೆಯಾಕೆ ವಿಷಯ ತಿಳಿದುಕೊಂಡಳು. ಬೆಲೆಯನ್ನೂ ತಿಳಿದುಕೊಂಡಳು. ಆಮೇಲೆ ಕೇಳಿದಳು: “ನಿಜವಾದ ಬಣ್ಣವೋ ಸುಳ್ಳು ಬಣ್ಣವೋ ನಿಮ್ಮ ಕಣ್ಣಿಗೇ ಗೊತ್ತಾಗಲಿಲ್ಲ. ಹಾಗಾದರೆ ನೀವು ದುಡ್ಡು ಕೊಟ್ಟದ್ದು ಯಾವುದಕ್ಕೆ?”

ಈ ಪ್ರಶ್ನೆಗೆ ಆ ದಿನ ಉತ್ತರ ಹೊಳೆಯಲಿಲ್ಲ. ಬಣ್ಣಕ್ಕೇ ಕೊಟ್ಟಿದ್ದರೆ ನಾನು ದುಃಖಿಸಬೇಕಾದ ಕಾರಣವೇ ಇಲ್ಲ. ನಿನ್ನೆಯ ನೀಲಿ ಇಂದೂ ಅಲ್ಲಿಯೇ ಇದೆ. ಮರದಲ್ಲಿ ಮಾಗಿದ ಮಾವಿಗೂ ಮದ್ದಿಟ್ಟು ಮಾಗಿಸಿದ ಮಾವಿಗೂ ಭೇದವನ್ನು ನಾಲಗೆ ಹೇಳುತ್ತದೆ. ಇಲ್ಲಿ ನಾಲಗೆಯಂಥ ಸಾಕ್ಷಿಯೂ ಇಲ್ಲ. ಅದೇ ಲೋಹ, ಬಹುಶಃ ಅದೇ ಗಂಧಕ, ಅದೇ ಪೊರೆ. ಒಂದು ನೂರು ವರ್ಷ ತೆಗೆದುಕೊಂಡಿತು, ಇನ್ನೊಂದು ಒಂದು ಮಧ್ಯಾಹ್ನ. ಇವೆರಡರ ನಡುವಿನವರೂ ಉಂಟು. ಹೊಸ ನಾಣ್ಯವನ್ನು ಬೇಕೆಂದೇ ಹಳೆಯ ರಟ್ಟಿನಲ್ಲಿಟ್ಟು, ಹತ್ತು ವರ್ಷ ಕಾದು ಕುಳಿತುಕೊಳ್ಳುವ ತಾಳ್ಮೆವಂತರು. ಅವರು ಮಾಡಿದ್ದು ಸಹಜವೋ ಕೃತಕವೋ? ಗೆರೆ ಎಲ್ಲಿ ಎಳೆಯುತ್ತೀರಿ?

ಬಹಳ ದಿನ ಯೋಚಿಸಿದ ಮೇಲೆ ನನಗೆ ತೋರಿದ್ದು ಇಷ್ಟು. ಹಳೆಯ ನಾಣ್ಯದ ಬಣ್ಣ ಬರಿಯ ಬಣ್ಣವಲ್ಲ, ಅದೊಂದು ಮಾತು. ‘ನಾನು ಇಷ್ಟು ವರ್ಷ ಇದ್ದೆ, ನನ್ನನ್ನು ಯಾರೂ ತಿಕ್ಕಲಿಲ್ಲ, ಆಮ್ಲದಲ್ಲಿ ಅದ್ದಲಿಲ್ಲ, ಅಚ್ಚಿನಿಂದ ಹೊರಬಿದ್ದ ದಿನದ ಮೈ ಈ ಪೊರೆಯ ಕೆಳಗೆ ಹಾಗೆಯೇ ಇದೆ,’ ಎಂದು ಅದು ಹೇಳುತ್ತದೆ. ನಾನು ಹಣ ಕೊಟ್ಟದ್ದು ಆ ಮಾತಿಗೆ. ಕೃತಕವಾಗಿ ಬಣ್ಣ ಬರಿಸುವವರು ಎಷ್ಟೋ ವೇಳೆ ಮೊದಲೇ ತಿಕ್ಕಿ ಕೆಡಿಸಿದ ನಾಣ್ಯದ ಗಾಯ ಮುಚ್ಚುವುದಕ್ಕಾಗಿ ಹಾಗೆ ಮಾಡುತ್ತಾರೆ. ಎಂದರೆ, ಎರಡು ಸಲ ಕೈಮಾಡಿಸಿಕೊಂಡ ನಾಣ್ಯ ಒಮ್ಮೆಯೂ ಕೈ ತಾಗಿಲ್ಲವೆಂದು ಪ್ರಮಾಣಮಾಡುತ್ತದೆ. ನಮ್ಮ ತಾಯಿ ತಿಕ್ಕಿದ ನಾಣ್ಯದ ಬೆಲೆ ಹೋಯಿತು, ಮರ್ಯಾದೆ ಹೋಗಲಿಲ್ಲ. ತಾನು ತಿಕ್ಕಿಸಿಕೊಂಡೆನೆಂಬುದನ್ನು ಅದು ಮುಚ್ಚಿಡಲಿಲ್ಲ.

ಆದರೆ ನಿಜವಾದ ಕಷ್ಟ ಆಮೇಲೆ ಬಂತು. ನನ್ನಂತೆಯೇ ಹುಚ್ಚು ಹಿಡಿದ ಗೆಳೆಯರೊಬ್ಬರು ಉಪಾಯ ಹೇಳಿದರು. ಡಬ್ಬಿ ಒಡೆದು, ಚೀಟಿ ಹರಿದು, ನಾಣ್ಯವನ್ನು ಇನ್ನೊಮ್ಮೆ ಕಳಿಸುವುದು. ಪರೀಕ್ಷಿಸುವವರೂ ಮನುಷ್ಯರೇ, ಒಬ್ಬನ ಕಣ್ಣು ಒಪ್ಪದ್ದನ್ನು ಇನ್ನೊಬ್ಬನ ಕಣ್ಣು ಒಪ್ಪೀತು. ಹಾಗೆ ತಿರುಗಿ ಕಳಿಸಿ ಗೆದ್ದವರು ಇಲ್ಲದಿಲ್ಲ. ಗೆಲ್ಲದಿದ್ದರೆ ಬೇರೊಂದು ಹರಾಜಿಗೆ ಹಾಕುವುದು. “ನೀವು ಏನೂ ಹೇಳಬೇಕಾಗಿಲ್ಲ. ಬಣ್ಣ ಕಾಣುತ್ತದೆ, ಕೊಳ್ಳುವವನಿಗೆ ಕಣ್ಣಿದೆ,” ಎಂದರು. ಇದು ಕಾನೂನಿಗೆ ವಿರುದ್ಧವೆಂದು ನನಗೆ ತೋರಲಿಲ್ಲ. ನಾನು ಸುಳ್ಳು ಹೇಳುವುದಿಲ್ಲ; ನನಗೂ ಸತ್ಯ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳದಿದ್ದರೆ ಅದು ದೋಷ ಹೇಗಾದೀತು? ಎರಡು ದಿನ ಈ ತರ್ಕ ನನಗೆ ಬಹಳ ಹಿತವಾಗಿತ್ತು.

ಮೂರನೆಯ ದಿನ ನಾಣ್ಯವನ್ನು ಮತ್ತೆ ಕೈಗೆತ್ತಿಕೊಂಡಾಗ ಅದರ ಇಸವಿ ಕಣ್ಣಿಗೆ ಬಿತ್ತು. 1883ರ ಮೊದಲ ನಿಕಲ್‌ಗಳಲ್ಲಿ ಐದು ಎಂಬ ಅಂಕಿ ಇತ್ತೇ ಹೊರತು ‘ಸೆಂಟು’ ಎಂಬ ಮಾತು ಇರಲಿಲ್ಲ. ಆ ಕಾಲದ ಐದು ಡಾಲರಿನ ಚಿನ್ನದ ನಾಣ್ಯದ ಅಗಲವೂ ಹೆಚ್ಚು ಕಡಿಮೆ ಅಷ್ಟೇ. ಚತುರರು ನಿಕಲ್‌ಗೆ ಚಿನ್ನದ ನೀರು ಕೊಟ್ಟು ಐದು ಡಾಲರೆಂದು ಚಲಾಯಿಸಿದರು. ಅದೇ ವರ್ಷ ಟಂಕಸಾಲೆ ಎಚ್ಚೆತ್ತು ‘ಸೆಂಟು’ ಎಂಬುದನ್ನು ಸೇರಿಸಿತು. ಹಳೆಯ ಅಚ್ಚಿನವನ್ನು ಸರಕಾರ ಹಿಂದಕ್ಕೆ ತೆಗೆದುಕೊಳ್ಳುವುದೆಂದು ಬಗೆದು ಜನ ಎತ್ತಿಟ್ಟರು. ಆದ್ದರಿಂದಲೇ ಅವು ಇಂದಿಗೂ ಹೊಸದರಂತೆ ಹೇರಳವಾಗಿ ದೊರೆಯುತ್ತವೆ. ಬಣ್ಣ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಕಚ್ಚಾ ಸಾಮಗ್ರಿ ಬೇರೆ ಬೇಕೆ? ಆ ಮೋಸದ ಕುರಿತು ನಾಣ್ಯಪ್ರಿಯರಲ್ಲಿ ಒಂದು ದಂತಕಥೆ ಇದೆ. ಒಬ್ಬ ಮೂಕ ಅಂಗಡಿಯಿಂದ ಅಂಗಡಿಗೆ ಹೋಗಿ ಐದು ಸೆಂಟಿನ ಚುಟ್ಟಾ ಕೊಂಡು, ಚಿನ್ನದ ನೀರಿನ ನಾಣ್ಯ ಇಡುತ್ತಿದ್ದನಂತೆ. ಅಂಗಡಿಯವನು ಉಳಿದ 4 ಡಾಲರು 95 ಸೆಂಟು ಎಣಿಸಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದನಂತೆ. ಹಿಡಿದು ವಿಚಾರಿಸಿದರೆ ಅವನ ತಪ್ಪೇನು? ಅದು ಐದು ಡಾಲರೆಂದು ಅವನು ಹೇಳಿದ್ದಿಲ್ಲ, ಚಿಲ್ಲರೆ ಕೇಳಿದ್ದಿಲ್ಲ.

ಆ ಕಥೆಯನ್ನು ನಾನು ಹತ್ತು ಜನರಿಗೆ ಹೇಳಿ ನಗಿಸಿದ್ದೆ. ಈಗ ಅದೇ ಮೂಕನ ಜಾಗದಲ್ಲಿ ನಾನು ನಿಂತಿದ್ದೆ. ಅವನಿಗೆ ಮಾತು ಬರುತ್ತಿರಲಿಲ್ಲ; ನನಗೆ ಬರುತ್ತದೆ. ಇಷ್ಟೇ ವ್ಯತ್ಯಾಸ, ಅದೂ ನನ್ನ ಕಡೆಗಿರುವ ವ್ಯತ್ಯಾಸವಲ್ಲ. ಬಣ್ಣ ಸತ್ಯವೋ ಅಲ್ಲವೋ ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಸಂದೇಹವುಂಟೆಂಬುದು ಗೊತ್ತಿತ್ತಲ್ಲ? ಚೀಟಿ ಹರಿದರೆ ನಾನು ನಾಶಮಾಡುವುದು ಕಾಗದವನ್ನಲ್ಲ, ನನಗೆ ತಿಳಿದಿದ್ದ ಏಕೈಕ ಸಂಗತಿಯನ್ನು. ನಾಣ್ಯ ಕೈಯಿಂದ ಕೈಗೆ ಹೋಗುವಾಗ ಅದರ ವಿಚಾರವಾದ ಮಾತೂ ಜೊತೆಗೆ ಹೋಗಬೇಕು. ಬರಿಗಣ್ಣಿಗೆ ಗೊತ್ತಾಗದ ಕಡೆ, ಕೊಡುವವನ ಮಾತಲ್ಲದೆ ಕೊಳ್ಳುವವನಿಗೆ ಬೇರೆ ಆಧಾರವೇನಿದೆ? ನಾಣ್ಯದ ಮಾತಿರಲಿ. ಔಷಧಿಯನ್ನು, ಮನೆಯನ್ನು, ಹೆಣ್ಣುಗಂಡಿನ ಸಂಬಂಧವನ್ನು ನಾವು ನಂಬಿ ತೆಗೆದುಕೊಳ್ಳುವುದೂ ಇದರ ಮೇಲೆಯೇ ಅಲ್ಲವೆ?

ಚೀಟಿಯ ಸಮೇತವೇ ಆ ನಾಣ್ಯವನ್ನು ಮಾರಿದೆ. ಪಟ್ಟಿ ಹೇಳಿದ್ದೇನು, ಪರೀಕ್ಷಕರು ಹೇಳಿದ್ದೇನು ಎರಡನ್ನೂ ಹೇಳಿದೆ. 60 ಡಾಲರು ಬಂತು. ಕೊಂಡವನು ಹುಡುಗ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. “ನಿಜವಾದದ್ದೂ ಇರಬಹುದಲ್ಲವೆ?” ಎಂದ. “ಇರಬಹುದು,” ಎಂದೆ. ಅವನು ಸಂತೋಷವಾಗಿಯೇ ಹೋದ. ನನಗೆ ಸಂತೋಷವೇನೂ ಆಗಲಿಲ್ಲ, ನಷ್ಟ ನಷ್ಟವೇ. ನಿದ್ದೆಗೆ ಮಾತ್ರ ತೊಂದರೆ ಬರಲಿಲ್ಲ.

ನಮ್ಮ ತಾಯಿ ತಿಕ್ಕಿದ ನಾಣ್ಯ ಇನ್ನೂ ನನ್ನಲ್ಲಿದೆ. ಅವರು ತೀರಿಕೊಂಡು ಬಹಳ ವರ್ಷವಾಯಿತು. ಮೊನ್ನೆ ತೆಗೆದು ನೋಡಿದರೆ ಅಂಚಿನಲ್ಲಿ ಮತ್ತೆ ಎಳೆ ಹಳದಿ ಕಾಣಿಸಿಕೊಂಡಿದೆ. ಇನ್ನು ನಲವತ್ತು ವರ್ಷ ಹೋದರೆ ಒಳ್ಳೆಯ ಕಣ್ಣಿನವರೂ ಮೋಸಹೋಗಬಹುದು. ಅದಕ್ಕೆಂದೇ ಅದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ: ‘1986ರಲ್ಲಿ ಅಮ್ಮ ಹುಣಿಸೆಹಣ್ಣಿನಲ್ಲಿ ತಿಕ್ಕಿದ್ದು.’ ನನ್ನ ಕಾಲಾನಂತರ ಇವೆಲ್ಲ ಹರಾಜಿಗೆ ಹೋದರೆ ಚೀಟಿಯೂ ಜೊತೆಗೆ ಹೋಗಬೇಕೆಂದು ಮಗಳಿಗೆ ಹೇಳಿದೆ. “ಚೀಟಿಯಿದ್ದರೆ ಬೆಲೆ ಬರುವುದಿಲ್ಲವಲ್ಲ, ಅಪ್ಪಾ,” ಎಂದಳು.

“ಬಾರದಿದ್ದರೆ ಬೇಡಮ್ಮ,” ಎಂದೆ.