ಸಹಿ ಹಾಕಿದ್ದಾರಲ್ಲ, ಇನ್ನೇನು?

ಕಳೆದ ದೀಪಾವಳಿ ಮುಗಿದ ಮೇಲೆ ಚನ್ನಪಟ್ಟಣದ ಹಿರಿಯರೊಬ್ಬರ ಬಿಲ್ಲಿನಿಂದ ನಾನು 11,040 ರೂಪಾಯಿ ಮುರಿದುಕೊಂಡೆ. ತಪ್ಪು ಮಾಡ್ತಿದೀನಿ ಅಂತ ಆಗ ಅನ್ನಿಸಿರಲಿಲ್ಲ. ನಮ್ಮ ಕರಾರಿನ ಒಂಬತ್ತನೇ ಕಲಮಿನಲ್ಲೇ ಇತ್ತಲ್ಲ: ಗ್ರಾಹಕರು ವಾಪಸ್ ಕಳಿಸಿದ ಮಾಲಿನ ಬೆಲೆಯನ್ನು ಸರಬರಾಜುದಾರರ ಬಾಕಿಯಿಂದ ಕಳೆಯಬಹುದು ಅಂತ. ಫೋನ್ ಮಾಡಿ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಗ್ದದಲ್ಲಿ ಹಂಗೆ ಬರ್ದಿದೆ ಅಂದ್ರೆ ಆಯ್ತು ಬಿಡಮ್ಮ" ಅಂದರು.

ಅವರು ಜಗಳ ಆಡಿದ್ದರೆ ನಾನೂ ವಾದ ಮಾಡಿ ಗೆದ್ದು ಮರೆತುಬಿಡ್ತಿದ್ದೆನೇನೋ. ಆ "ಆಯ್ತು ಬಿಡಮ್ಮ" ಮಾತ್ರ ಹೋಗಲಿಲ್ಲ.

ನನ್ನದು ಹಗಲು ಹೊತ್ತು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ರಾತ್ರಿ ಮತ್ತು ವಾರಾಂತ್ಯದಲ್ಲಿ ಒಂದು ಪುಟ್ಟ ಆನ್‌ಲೈನ್ ಅಂಗಡಿ, ಮಕ್ಕಳ ಮರದ ಆಟಿಕೆಗಳದ್ದು. ಆಟಿಕೆ ಮಾಡಿಕೊಡೋರನ್ನ ನಾನು ಚಾಚಾ ಅಂತ ಕರೀತೀನಿ. ಮನೆಯ ಮುಂಭಾಗದಲ್ಲೇ ಎರಡು ಲೇತ್ ಹಾಕಿಕೊಂಡಿದ್ದಾರೆ. ಆಲೆ ಮರ ತಂದು, ತಿಂಗಳುಗಟ್ಟಲೆ ಒಣಗಿಸಿ, ತಿರುಗೋ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಕೊಡ್ತಾರೆ.

ಕರಾರು ಪತ್ರ ನಾನು ಬರೆದಿದ್ದಲ್ಲ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಒಂದು ನಮೂನೆ ಇಳಿಸಿಕೊಂಡು ಹೆಸರು ಬದಲಾಯಿಸಿದ್ದೆ. ನಾಲ್ಕು ಪುಟ, ಪೂರ್ತಿ ಇಂಗ್ಲಿಷ್. ನಾನೇ ಎಲ್ಲಾ ಓದಿರಲಿಲ್ಲ. ಚಾಚಾ ಲೇತ್ ನಿಲ್ಲಿಸಿ, ಕೈ ಒರೆಸಿಕೊಂಡು, "ಎಲ್ಲಿ ಹಾಕ್ಲಿ?" ಅಂತ ಕೇಳಿದರು. ನಾನು ಬೆರಳಿಟ್ಟು ತೋರಿಸಿದೆ.

ಕಡಿತದ ವಿಷಯ ಗೆಳೆಯನೊಬ್ಬನಿಗೆ ಹೇಳಿದಾಗ ಅವನು ನಕ್ಕ. "ಸಹಿ ಹಾಕಿದ್ದಾರಲ್ಲ, ಇನ್ನೇನು? ಬೇಡ ಅಂದಿದ್ರೆ ಹಾಕ್ಬಾರ್ದಿತ್ತು." ಮಾತು ಸರಿ ಅನ್ನಿಸುತ್ತೆ. ನಾವು ದಿನಾ ಬದುಕೋದೂ ಹೀಗೇ ತಾನೆ? ನಾನು ಮಾಲು ಮಾರೋ ಆನ್‌ಲೈನ್ ತಾಣದ ಷರತ್ತುಗಳನ್ನ ಓದದೆ 'ಒಪ್ಪಿದ್ದೇನೆ' ಒತ್ತಿದವಳು ನಾನೇ. ಗ್ರಾಹಕ ವಾಪಸ್ ಕಳಿಸಿದರೆ ತಾಣ ನನ್ನ ಲೆಕ್ಕದಿಂದ ದುಡ್ಡು ಕಳೆಯುತ್ತೆ. ನಾನು ಬೈಕೊಂಡು ಸುಮ್ಮನಾಗ್ತೀನಿ. ನನಗೆ ಆದದ್ದನ್ನೇ ನಾನು ಚಾಚಾಗೆ ಮಾಡಿದೆ. ನಷ್ಟ ಮೇಲಿಂದ ಕೆಳಗೆ ಇಳಿದು, ಕೊನೆಗೆ ಇನ್ಯಾರ ಮೇಲೂ ಹಾಕೋಕಾಗದವರ ಮನೆ ಬಾಗಿಲಲ್ಲಿ ನಿಂತಿತು. ನನ್ನ ಕೈಯಲ್ಲಿ ಒಂಬತ್ತನೇ ಕಲಮು ಇತ್ತು. ಅವರ ಕೈಯಲ್ಲಿ ಏನಿತ್ತು?

ಒಂದು ಭಾನುವಾರ ವಾಪಸ್ ಬಂದ 46 ಆಟಿಕೆಗಳನ್ನ ನೆಲದ ಮೇಲೆ ಹರಡಿಕೊಂಡು ಕೂತೆ. ಒಂಬತ್ತರಲ್ಲಿ ಅರಗು ಸರಿಯಾಗಿ ಹಿಡಿದಿರಲಿಲ್ಲ, ಅದು ಚಾಚಾ ಕೆಲಸದ ದೋಷ. ಉಳಿದ 37 ಸಾಗಣೆಯಲ್ಲಿ ಪೆಟ್ಟು ತಿಂದಿದ್ದವು. ದುಡ್ಡು ಉಳಿಸೋಕೆ ತೆಳು ಡಬ್ಬಿ ಆರಿಸಿದ್ದು ನಾನು, ಅಗ್ಗದ ಕೊರಿಯರ್ ಹಿಡಿದಿದ್ದೂ ನಾನು. ಒಂದಕ್ಕೆ 240 ರೂಪಾಯಿಯಂತೆ 8,880 ರೂಪಾಯಿ, ನನ್ನ ನಿರ್ಧಾರದ ಬೆಲೆ, ಅವರ ಜೇಬಿನಿಂದ ಹೋಗಿತ್ತು.

ಆಮೇಲೆ ಕಾನೂನು ಓದೋಕೆ ಶುರು ಮಾಡಿದೆ. 1872ರ ಭಾರತೀಯ ಕರಾರು ಕಾಯ್ದೆ ಬರೀ ಸಹಿ ಇದ್ದರೆ ಸಾಕು ಅನ್ನೋದಿಲ್ಲ, ಮುಕ್ತ ಒಪ್ಪಿಗೆ ಬೇಕು ಅನ್ನುತ್ತೆ. ಇನ್ನೊಬ್ಬರ ಮನಸ್ಸಿನ ಮೇಲೆ ಹಿಡಿತ ಇರೋ ಸ್ಥಾನದಲ್ಲಿ ಇದ್ದವರು ಮೇಲ್ನೋಟಕ್ಕೇ ಅನ್ಯಾಯ ಅನ್ನಿಸೋ ಕರಾರು ಮಾಡಿಕೊಂಡರೆ, ಆ ಹಿಡಿತವನ್ನ ದುರುಪಯೋಗ ಮಾಡಿಲ್ಲ ಅಂತ ತೋರಿಸೋ ಹೊಣೆ ಅವರದೇ. ನಮ್ಮ ಪ್ರಕರಣ ಅಷ್ಟು ದೂರ ಹೋಗುತ್ತೋ ಇಲ್ಲವೋ, ವಕೀಲರು ಹೇಳಬೇಕು. ಆದರೆ ಇನ್ನೊಂದು ಕಲಮಿನ ಬಗ್ಗೆ ಅನುಮಾನವೇ ಇರಲಿಲ್ಲ. ನನ್ನ ಪತ್ರದಲ್ಲಿ 60 ದಿನಕ್ಕೆ ಪಾವತಿ ಅಂತಿತ್ತು. ಚಾಚಾ ಬ್ಯಾಂಕ್ ಸಾಲಕ್ಕೋಸ್ಕರ ಉದ್ಯಮ್ ನೋಂದಣಿ ಮಾಡಿಸಿದ್ದರು. ಅಂಥ ಸಣ್ಣ ಉತ್ಪಾದಕರಿಗೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ, ಬರವಣಿಗೆಯ ಕರಾರಿದ್ದರೂ 45 ದಿನ ಮೀರುವ ಹಾಗಿಲ್ಲ. ಕರಾರೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮಾಲಿನ ಬಗ್ಗೆ ತಕರಾರಿದ್ದರೆ ಕೈಸೇರಿದ 15 ದಿನದೊಳಗೆ ಬರೆದು ತಿಳಿಸಬೇಕು, ಇಲ್ಲವಾದರೆ ಒಪ್ಪಿಕೊಂಡಂತೆ. ಅಂದರೆ ಚಾಚಾ ಸಹಿ ಹಾಕಿದ್ದರೂ ನನ್ನ 60 ದಿನಕ್ಕೆ ಬೆಲೆ ಇರಲಿಲ್ಲ.

ಇಲ್ಲಿ ಒಂದು ನಿಜ ಒಪ್ಪಿಕೊಳ್ಳಬೇಕು. ಪಾವತಿಯ ದಿನಗಳನ್ನ ನಾನು ಮೊದಲು ಸರಿ ಮಾಡಿದ್ದು ಮನಸ್ಸಾಕ್ಷಿ ಚುಚ್ಚಿ ಅಲ್ಲ. "ಇವರಿಗೆ ಗಡುವಿನೊಳಗೆ ದುಡ್ಡು ಕೊಡದೆ ಮಾರ್ಚ್ ದಾಟಿಸಿದ್ರೆ, ಆ ಖರ್ಚು ಈ ವರ್ಷ ತೋರ್ಸೋ ಹಾಗಿಲ್ಲ, ಕೊಟ್ಟ ವರ್ಷಾನೇ ತೋರ್ಸ್ಬೇಕು" ಅಂತ ನಮ್ಮ ಆಡಿಟರ್ ಹೇಳಿದ್ದಕ್ಕೆ. 2023ರ ಹಣಕಾಸು ಕಾಯ್ದೆ ತಂದ ನಿಯಮ ಅದು. ನನಗೆ ತೆರಿಗೆ ಬೀಳುತ್ತೆ ಅಂದಾಗ ತಟ್ಟನೆ ನ್ಯಾಯ ಹೊಳೆಯಿತು! ಕಾನೂನು ಯಾಕೆ ಬೇಕು ಅಂದರೆ ಇದಕ್ಕೇ ಇರಬೇಕು. ಒಳ್ಳೆಯತನವನ್ನೇ ನಂಬಿ ಕೂತಿದ್ದರೆ ಚಾಚಾ ಇನ್ನೂ 60 ದಿನ ಕಾಯ್ತಿದ್ದರು.

ಹಾಗಂತ ಕಾಗದವೇ ಬೇಡ, ನಂಬಿಕೆ ಮೇಲೆ ನಡೆಸೋಣ ಅನ್ನೋದೂ ಉತ್ತರ ಅಲ್ಲ. ಬಾಯಿಮಾತಿನ ಕರಾರಿಗೂ ನಮ್ಮಲ್ಲಿ ಕಾನೂನಿನ ಬಲ ಇದೆ, ನಿಜ. ಆದರೆ ನಾಳೆ ಇಬ್ಬರ ನೆನಪು ಬೇರೆಬೇರೆ ಆದಾಗ ದುಡ್ಡು ಯಾರ ಕೈಯಲ್ಲಿರುತ್ತೋ ಅವರ ನೆನಪೇ ನಡೆಯುತ್ತೆ. ದುಡ್ಡು ಇರೋದು ನನ್ನ ಕೈಯಲ್ಲಿ. ಹಾಗಾಗಿ ಕಾಗದ ಬೇಕಾಗಿರೋದು ನನಗಿಂತ ಹೆಚ್ಚಾಗಿ ಅವರಿಗೆ.

8,880 ರೂಪಾಯಿ ವಾಪಸ್ ಕಳಿಸಿದೆ. ಆಮೇಲೆ ಕನ್ನಡದಲ್ಲಿ ಒಂದೇ ಪುಟದ ಹೊಸ ಕರಾರು ಬರೆದೆ. ಒಂದೊಂದು ಸಾಲು ಬರೆಯುವಾಗಲೂ ಕೇಳಿಕೊಂಡ ಪ್ರಶ್ನೆ ಒಂದೇ: ಈ ನಷ್ಟ ಆಗದ ಹಾಗೆ ತಡೆಯೋಕೆ ಯಾರಿಂದ ಸಾಧ್ಯ? ಬಣ್ಣ ಎದ್ದರೆ ಅವರ ಹೊಣೆ. ಸಾಗಣೆಯಲ್ಲಿ ಒಡೆದರೆ ನನ್ನ ಹೊಣೆ. ಗ್ರಾಹಕನ ಮನಸ್ಸು ಬದಲಾದರೆ ಅದೂ ನನ್ನದೇ, ಯಾಕೆಂದರೆ ವಾಪಸಾತಿ ಉಚಿತ ಅಂತ ಜಾಹೀರಾತು ಕೊಟ್ಟವಳು ನಾನು. ಮಳೆಗಾಲದಲ್ಲಿ ಮರ ಒಣಗದೆ ತಡವಾದರೆ ದಂಡ ಇಲ್ಲ, ಒಂದು ವಾರ ಮುಂಚೆ ತಿಳಿಸಿದರೆ ಸಾಕು.

ಚನ್ನಪಟ್ಟಣಕ್ಕೆ ಹೋಗಿ ಓದಿ ಹೇಳಿದೆ. ಚಾಚಾ ತಲೆ ಆಡಿಸ್ತಾ ಕೇಳಿದರು. ಕೊನೇ ಸಾಲಿಗೆ ಬಂದಾಗ ಕೈ ಎತ್ತಿ ತಡೆದರು. ನನ್ನ ವಿನ್ಯಾಸದ ಆಟಿಕೆಗಳನ್ನ ಬೇರೆ ಯಾರಿಗೂ ಮಾಡಿಕೊಡಬಾರದು ಅನ್ನೋ ಸಾಲು ಅದು.

"ಇದು ಆಗಲ್ಲಮ್ಮ. ಮೂರು ತಿಂಗ್ಳು ನಿನ್ ಆರ್ಡರ್ ಬರ್ಲಿಲ್ಲ ಅಂದ್ರೆ ನನ್ ಲೇತ್ ಏನು ಮಾಡ್ಬೇಕು?"

ನಿಜ ಹೇಳ್ತೀನಿ, ನನಗೆ ಒಳಗೇ ಕೋಪ ಬಂತು. ಇಷ್ಟೆಲ್ಲಾ ಬಿಟ್ಟುಕೊಟ್ಟಿದೀನಿ, ಇದೊಂದು ಒಪ್ಪಬಾರದಾ ಅಂತ. ಅಲ್ಲೇ ಕೂತು ಒಂದು ಗಂಟೆ ಚೌಕಾಸಿ ಮಾಡಿದ್ವಿ. ಹೊಸ ವಿನ್ಯಾಸ ಆರು ತಿಂಗಳು ನನಗೆ ಮಾತ್ರ, ಆ ಆರು ತಿಂಗಳಲ್ಲಿ ಕನಿಷ್ಠ ಇಷ್ಟು ಆರ್ಡರ್ ನಾನು ಕೊಡಲೇಬೇಕು ಅಂತ ತೀರ್ಮಾನ ಆಯ್ತು. ನಾನು ಬಯಸಿದ್ದಕ್ಕಿಂತ ಕಡಿಮೆಯೇ ಸಿಕ್ಕಿತು.

ಬಸ್ಸಿನಲ್ಲಿ ವಾಪಸ್ ಬರುವಾಗ ಗೆಳೆಯನ ಮಾತಿಗೆ ಉತ್ತರ ಹೊಳೀತು. ಮೊದಲ ಪತ್ರಕ್ಕೂ ಚಾಚಾ ಸಹಿ ಹಾಕಿದ್ದರು, ಈ ಪತ್ರಕ್ಕೂ ಹಾಕಿದ್ದಾರೆ. ಆದರೆ ಈ ಸಲ ಅವರು "ಆಗಲ್ಲ" ಅಂದಿದ್ದರು, ನಾನು ಆ ಸಾಲು ಹೊಡೆದು ಹಾಕಬೇಕಾಯ್ತು. ಹಾಗಾಗಿ ಉಳಿದ ಸಾಲುಗಳಿಗೆ ಅವರು ಅಂದ "ಆಯ್ತು" ನಿಜವಾದ ಆಯ್ತು ಅಂತ ನಂಬಬಹುದು.

ಆನ್‌ಲೈನ್ ತಾಣದ ಷರತ್ತುಗಳನ್ನ ಈಗ ಓದ್ತಾ ಇದೀನಿ. ಅಲ್ಲಿ "ಆಗಲ್ಲ" ಅನ್ನೋಕೆ ಯಾವ ಗುಂಡಿಯೂ ಇಲ್ಲ.