ಇಳಿದು ಬರುವುದೆಂದರೆ

ಒಂಬತ್ತನೇ ತರಗತಿಯ ಇಂಗ್ಲಿಷ್ ಪಾಠದಲ್ಲಿ ‘ಡಿಸೆಂಡ್’ ಎಂಬ ಪದ ಬಂದರೆ ‘ಇಳಿ’ ಎಂದು ಬೋರ್ಡಿನ ಮೇಲೆ ಬರೆದು ಮುಂದಕ್ಕೆ ಹೋಗಿಬಿಡುತ್ತಿದ್ದೆ. ಬಸ್ಸಿನಿಂದ ಇಳಿ, ಮರದಿಂದ ಇಳಿ, ಇದರಲ್ಲಿ ವಿವರಿಸುವುದೇನಿದೆ? ಒಮ್ಮೆ ನಿಘಂಟು ತೆರೆದಾಗ ಸಣ್ಣದೊಂದು ಸೋಜಿಗ ಕಾದಿತ್ತು. ಲ್ಯಾಟಿನ್ನಿನಲ್ಲಿ ‘ಸ್ಕಾಂದೆರೆ’ ಎಂದರೆ ಹತ್ತುವುದು; ಅದಕ್ಕೆ ‘ದೆ’ ಎಂಬ ಉಪಸರ್ಗ ಸೇರಿದರೆ ಇಳಿಯುವುದು. ನೆಗೆಯುವ ಅರ್ಥದ ಸಂಸ್ಕೃತದ ‘ಸ್ಕಂದ್’ ಧಾತು ಅದರ ನೆಂಟ. ‘ಡೌನ್’ ಎಂಬ ಪುಟ್ಟ ಪದದೊಳಗೂ ಒಂದು ಗುಡ್ಡವಿದೆ. ಹಳೆಯ ಇಂಗ್ಲಿಷಿನಲ್ಲಿ ‘ದೂನ್’ ಎಂದರೆ ಗುಡ್ಡ. ‘ಗುಡ್ಡದಿಂದ’ ಎಂಬ ಮಾತೇ ಸವೆದು ಸವೆದು ‘ಕೆಳಗೆ’ ಎಂದಾಯಿತು. ಹತ್ತದವರಿಗೆ ಇಳಿಯುವ ಮಾತೇ ಇಲ್ಲ ಅನ್ನಿ.

ಇಂಗ್ಲಿಷರ ವಂಶವೂ ಇಳಿಯುತ್ತದೆ. ಮನುಷ್ಯನ ಹುಟ್ಟಿನ ಬಗ್ಗೆ ಡಾರ್ವಿನ್ 1871ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲಿರುವುದು ‘ಡಿಸೆಂಟ್’. ನಮ್ಮ ‘ವಂಶ’ವೆಂದರೆ ಬಿದಿರು, ಗೆಣ್ಣು ಗೆಣ್ಣಾಗಿ ಮೇಲಕ್ಕೇ ಹೋಗುತ್ತದೆ. ಇರಲಿ.

ನನ್ನನ್ನು ಕಾಡಿದ್ದು ಅದೇ ಮನೆತನದ ‘ಕಾಂಡಿಸೆಂಡ್’. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಇದಕ್ಕೆ ಕೊಟ್ಟ ಅರ್ಥ ಒಳ್ಳೆಯದೇ: ದೊಡ್ಡವರು ತಮ್ಮ ದೊಡ್ಡಸ್ತಿಕೆಯನ್ನು ತಾವಾಗಿ ಬಿಟ್ಟು ಚಿಕ್ಕವರ ಸಮಕ್ಕೆ ಬರುವುದು. 1813ರಲ್ಲಿ ಬಂದ ಜೇನ್ ಆಸ್ಟಿನ್ನಳ ಕಾದಂಬರಿಯಲ್ಲಿ ಪಾದ್ರಿ ಕಾಲಿನ್ಸ್ ತನ್ನ ಒಡತಿಯ ಈ ಗುಣವನ್ನು ಬಾಯಿತುಂಬ ಹೊಗಳುತ್ತಾನೆ, ಓದುವವರಿಗೆ ನಗು ಬರುತ್ತದೆ. ಈಗಂತೂ ಅದು ಬೈಗುಳವೇ. ಇಳಿದು ಬರುವುದು ತಪ್ಪಾದದ್ದು ಹೇಗೆ? ನಮ್ಮ ‘ಅವತಾರ’ವೂ ಇಳಿದು ಬರುವುದೇ, ಆದರೆ ತಲೆ ಬಾಚದ ಮಗಳಿಗೆ ‘ಏನೇ ಇದು ನಿನ್ನ ಅವತಾರ’ ಎನ್ನುತ್ತೇವೆ.

ಉತ್ತರ ನನಗೆ ನಿಘಂಟಿನಲ್ಲಿ ಸಿಗಲಿಲ್ಲ. ಕೆಲವು ವರ್ಷಗಳ ಹಿಂದೆ, ಕೂಲಿಗೆ ಹೋಗುವ ತಾಯಿಯ ಮಗಳೊಬ್ಬಳ ಹತ್ತಿರ ಜಾಮಿಟ್ರಿ ಬಾಕ್ಸ್ ಇರಲಿಲ್ಲ. ನಾನೇ ಒಂದು ಕೊಂಡು ತಂದೆ. ತಂದವಳು ಸುಮ್ಮನೆ ಕೊಡಬಾರದಿತ್ತೇ? ಅವಳನ್ನು ತರಗತಿಯ ಮುಂದೆ ಕರೆದು, ಬೆನ್ನು ತಟ್ಟಿ, ‘ತಗೋ, ಚೆನ್ನಾಗಿ ಓದು’ ಎಂದೆ. ಉಳಿದ ಮಕ್ಕಳು ಚಪ್ಪಾಳೆ ಹೊಡೆದರು. ಅದು ನನಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ.

ಮಾರನೆಯ ದಿನ ತಾಯಿ ಬಂದಳು. ಸೆರಗಿನ ಗಂಟು ಬಿಚ್ಚಿ ಹತ್ತರ ಆರು ನೋಟು ಮೇಜಿನ ಮೇಲಿಟ್ಟಳು.

‘ಮೇಡಮ್ಮೋರೆ, ರಾತ್ರಿ ಮಗಾ ಉಣ್ಣಲಿಲ್ಲ. ಬಾಕ್ಸು ಅವಳಿಗೆ ಬೇಕು. ದುಡ್ಡು ತಗೊಳ್ಳಿ.’

‘ಬೇಡಮ್ಮ’ ಎನ್ನಲು ಬಾಯಿ ತೆರೆದವಳು ಅವಳ ಮುಖ ನೋಡಿ ಸುಮ್ಮನಾದೆ. ಬೇಡವೆಂದಿದ್ದರೆ ಇನ್ನೊಂದು ಮೆಟ್ಟಿಲು ಮೇಲೆ ಹತ್ತಿ ನಿಂತಂತಾಗುತ್ತಿತ್ತು. ತೆಗೆದುಕೊಂಡೆ. ಬಡವರ ದುಡ್ಡಿಗೆ ಕೈ ಒಡ್ಡಿದಿರಲ್ಲ ಎಂದು ಸ್ಟಾಫ್ ರೂಮಿನಲ್ಲಿ ಮಾತಾಯಿತು. ನಾನು ಮಾಡಿದ್ದು ಸರಿಯೇ ಎಂದು ಅವರಿಗೆ ವಿವರಿಸಲು ಈಗಲೂ ನನ್ನಿಂದ ಆಗದು.

ಹತ್ತು ರೂಪಾಯಿ ಕಡಿಮೆಯಿತ್ತು. ಸಂತೆಯ ದಿನ ಅದನ್ನೂ ತಂದುಕೊಟ್ಟಳು. ಎಣಿಸಿ ತೆಗೆದುಕೊಂಡೆ.