ಸೊಲ್ಲು ತೆಗೆದುಕೊಳ್ಳುವವರು

ತಾತ ತೀರಿಕೊಂಡ ರಾತ್ರಿ ಭಜನೆಗೆ ಬಂದವರು ಮೂವರೇ. ನಾನು ಚಿಕ್ಕವಳಿದ್ದಾಗ ಅರಕಲಗೂಡು ತಾಲ್ಲೂಕಿನ ನಮ್ಮೂರಲ್ಲಿ ಸಾವಾದರೆ, ಹೇಳಿಕಳಿಸುವ ಮೊದಲೇ ಹತ್ತು ಹದಿನೈದು ಜನ ತಾಳ, ದಮ್ಮಡಿ ಹಿಡಿದು ಬಂದು ಕೂರುತ್ತಿದ್ದರು. ಬೆಳಗಿನ ಜಾವದವರೆಗೂ ತತ್ವಪದ ನಡೆಯುತ್ತಿತ್ತು. ಕಾಯುವವರಿಗೆ ನಿದ್ದೆ ಹತ್ತದಿರಲಿ ಎಂಬುದು ಒಂದು ಕಾರಣ, ಹೋದವರನ್ನು ಮಣ್ಣಾಗುವವರೆಗೆ ಒಂಟಿಯಾಗಿ ಬಿಡಬಾರದು ಎಂಬುದು ಇನ್ನೊಂದು. ತಾತನೂ ಆ ಮೇಳದಲ್ಲೊಬ್ಬ. ಅವನ ಜೊತೆ ಹಾಡುತ್ತಿದ್ದವರಲ್ಲಿ ಹೆಚ್ಚಿನವರು ಅವನಿಗಿಂತ ಮೊದಲೇ ಹೋಗಿದ್ದರು.

ಬಂದ ಮೂವರಲ್ಲಿ ಹೊಳೆನರಸೀಪುರದ ಕಡೆಯ ಒಬ್ಬರು ಹಾರ್ಮೋನಿಯಂ ನುಡಿಸುವವರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಾರೆ. ಎಂಬತ್ತು ದಾಟಿದೆ. ರಾತ್ರಿ ಒಂದು ಗಂಟೆಯ ಹೊತ್ತಿಗೆ ಮೂವರ ಗಂಟಲೂ ಕಟ್ಟಿತು. ಕಾಫಿ ಕೊಟ್ಟೆವು. ಶಾಮಿಯಾನದ ಕೆಳಗೆ ಯಾರೂ ಮಾತಾಡದ ಆ ಹೊತ್ತಿನಲ್ಲಿ ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ತನ್ನ ಫೋನನ್ನು ಬ್ಲೂಟೂತ್ ಸ್ಪೀಕರಿಗೆ ಜೋಡಿಸಿ ಶಿಶುನಾಳ ಷರೀಫರ ಗುಡುಗುಡಿ ಪದ ಹಾಕಿದ. ದಿ ರಘು ದೀಕ್ಷಿತ್ ಪ್ರಾಜೆಕ್ಟ್ ಹಾಡಿದ್ದು. ಗಿಟಾರು, ಡ್ರಮ್ಸು, ಪಿಟೀಲು.

ನನಗೆ ಮೈ ಉರಿಯಿತು. "ಆರಿಸೋ ಅದನ್ನ" ಅಂದೆ. ಅವನು ಪೆಚ್ಚಾಗಿ ಕೈ ಚಾಚಿದ. ಮೇಷ್ಟ್ರು ತಡೆದರು. "ಬುಡವ್ವ, ಅದೂ ಅದೇ ಪದ ತಾನೆ" ಅಂದರು. ಹಾಡು ಮುಗಿಯುವವರೆಗೂ ತೊಡೆಯ ಮೇಲೆ ಬೆರಳಾಡಿಸುತ್ತ ಕೇಳಿದರು. ಆಮೇಲೆ ಒಂದು ಮಾತು ಕೇಳಿದರು: "ಚೆನ್ನಾಗದೆ ಕಣಪ್ಪ. ಆದ್ರೆ ಇದ್ರಲ್ಲಿ ನಾವು ಸೊಲ್ಲು ತಗಳಾದು ಎಲ್ಲಿ?"

ಯಾರೂ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಉಳಿದುಕೊಂಡಿತು.

ನಾನು ಸಂಶೋಧನಾ ವಿದ್ಯಾರ್ಥಿ. ನನ್ನ ಪ್ರಬಂಧ ಹಾಸನ ಜಿಲ್ಲೆಯ ತತ್ವಪದಗಳ ಬಗ್ಗೆ. ಅದರ ಒಂದು ಅಧ್ಯಾಯಕ್ಕೆ 'ಮೂಲ ಧಾಟಿಗಳು' ಎಂದು ಹೆಸರಿಟ್ಟಿದ್ದೆ. ಆ ರಾತ್ರಿಯ ನನ್ನ ಸಿಟ್ಟು ಹುಟ್ಟಿದ್ದು ಆ ಅಧ್ಯಾಯದಿಂದಲೇ. ಮೂಲ ಎಂಬುದೊಂದಿದೆ, ಅದು ತಾತನಂಥವರ ಗಂಟಲಲ್ಲಿದೆ, ಗಿಟಾರು ಅದನ್ನು ಕೆಡಿಸುತ್ತದೆ ಎಂದು ನಂಬಿದ್ದೆ. ತಾತನ ತಿಥಿ ಕಳೆದ ಮೇಲೆ, ಅವನು ಹಾಡಿದ್ದನ್ನು ಹಿಂದೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದನ್ನೆಲ್ಲ ಕೂತು ಕೇಳತೊಡಗಿದೆ. ಕೋಡಗನ ಕೋಳಿ ಪದದ ಹೊತ್ತಿಗೆ ಬೆರಳು ತಾನಾಗಿ ನಿಂತಿತು. ತಾತ ಹಾಡಿದ್ದು ಸಿ. ಅಶ್ವತ್ಥ್ ಅವರ ಧಾಟಿಯಲ್ಲಿ. ಕ್ಯಾಸೆಟ್ಟಿನ ಧಾಟಿ. ಪಲ್ಲವಿ ಮುಗಿದು ವಾದ್ಯ ಬರುವ ಕಡೆ ವಾದ್ಯಕ್ಕೆಂದು ಬಿಡುವ ಜಾಗವನ್ನೂ ಅವನು ಬಿಟ್ಟಿದ್ದ. ತಾಳ ಮಾತ್ರ ಒಂಟಿಯಾಗಿ ನುಡಿಯುತ್ತಿತ್ತು.

ಯೋಚಿಸಿದರೆ ಆಶ್ಚರ್ಯವೇನಿಲ್ಲ. ಷರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದವರು. ಗುರು ಕಳಸದ ಗೋವಿಂದ ಭಟ್ಟರು. ಅವರ ಪದಗಳು ಆ ಕಡೆಯ ಭಜನೆಯವರ, ಏಕತಾರಿಯವರ ಬಾಯಲ್ಲಿ ನಡೆದು ಬಂದವು. ನಮ್ಮ ಕಡೆಯ ಮನೆಮನೆಗೆ ಅವು ತಲುಪಿದ್ದು ಹೆಚ್ಚಾಗಿ ಕ್ಯಾಸೆಟ್ಟಿನ ಮೂಲಕ, ಆಮೇಲೆ 1990ರಲ್ಲಿ ಟಿ.ಎಸ್. ನಾಗಾಭರಣ ಮಾಡಿದ 'ಸಂತ ಶಿಶುನಾಳ ಶರೀಫ' ಚಿತ್ರದ ಮೂಲಕ. ಎರಡರ ಹಿಂದೆಯೂ ಇದ್ದವರು ನಮ್ಮದೇ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದ ಅಶ್ವತ್ಥ್. ಅವರು ತಬಲ, ಕೊಳಲು, ಪಿಟೀಲುಗಳನ್ನು ಕೂಡಿಸಿ, ಸುಗಮ ಸಂಗೀತದ ಕೇಳುಗರಿಗೆ ಹಿಡಿಸುವಂತೆ ಆ ಪದಗಳನ್ನು ಕಟ್ಟಿದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ'ಕ್ಕೆ ಸೇರಿದ ಜನಸಾಗರವನ್ನು ನೋಡಿದವರು ಇವತ್ತಿಗೂ ನೆನೆಯುತ್ತಾರೆ. ಮೂರು ವರ್ಷದ ನಂತರ, 2008ರಲ್ಲಿ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂತು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಆ ತಂಡ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು. ಒಬ್ಬರು ಕಾಲಕ್ಕೆ ಹೊಂದಿಸಿದರು, ಇನ್ನೊಬ್ಬರು ಇನ್ನೊಂದು ಕಾಲಕ್ಕೆ ಹೊಂದಿಸಿದರು. ನಡುವೆ ಹುಟ್ಟಿದ ನಾನು ಮೊದಲನೆಯದನ್ನು ಮೂಲ ಅಂತಲೂ ಎರಡನೆಯದನ್ನು ಕೆಡುಕು ಅಂತಲೂ ಕರೆದುಬಿಟ್ಟಿದ್ದೆ.

ಆಗ ನನ್ನ ಮುಂದೆ ಒಂದು ಸಣ್ಣ ಆಸೆಯೂ ಬಂದು ನಿಂತಿತು. ಆ ರೆಕಾರ್ಡಿಂಗನ್ನು ಪ್ರಬಂಧದಿಂದ ಕೈಬಿಟ್ಟರೆ ಆಯಿತು. ಯಾರಿಗೂ ಗೊತ್ತಾಗುವುದಿಲ್ಲ. ಉಳಿದ ಪದಗಳು ಸಾಕಷ್ಟು 'ಮೂಲ'ವಾಗಿಯೇ ಇದ್ದವು, ಅಂದರೆ ಅವುಗಳ ಕ್ಯಾಸೆಟ್ಟು ನನಗೆ ಸಿಕ್ಕಿರಲಿಲ್ಲ, ಅಷ್ಟೆ.

ಆ ದಿನಗಳಲ್ಲಿ ಹಾಸನದಿಂದ ಅರಕಲಗೂಡಿಗೆ ಬಸ್ಸಿನಲ್ಲಿ ಹೋಗಿ ಬರುವಾಗ ನಾನು ಯೂಟ್ಯೂಬಿನಲ್ಲಿ ಟ್ಯೂಬ ಸ್ಕಿನ್ನಿ ಎಂಬ ತಂಡವನ್ನು ಕೇಳುತ್ತಿದ್ದೆ. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನವರು. 2009ರಲ್ಲಿ ಶುರುವಾದ ತಂಡ. 1920, 30ರ ದಶಕದ ಜಾಝ್ ಮತ್ತು ಬ್ಲೂಸ್ ಹಾಡುಗಳನ್ನು ಹುಡುಕಿ ತೆಗೆದು, ಕಾರ್ನೆಟ್, ಟ್ರಾಂಬೋನ್, ಟ್ಯೂಬ, ಬ್ಯಾಂಜೋ, ಬಟ್ಟೆ ಒಗೆಯುವ ತಗಡಿನ ಹಲಗೆ, ಇವುಗಳಲ್ಲಿ ಬೀದಿಯಲ್ಲಿ ನಿಂತು ನುಡಿಸುತ್ತಾರೆ. ತಮ್ಮಜ್ಜಿಯ ಕಾಲದ ಹಾಡನ್ನು ಮೊಮ್ಮಕ್ಕಳು ನುಡಿಸಿದಂತಿರುತ್ತದೆ. ಆದರೆ ಈ ಸಂಗೀತವನ್ನು ಕಟ್ಟಿದವರು ಹೆಚ್ಚಾಗಿ ಅಲ್ಲಿನ ಕಪ್ಪು ಜನರು, ಈ ತಂಡದಲ್ಲಿರುವವರು ಹೆಚ್ಚಾಗಿ ಬಿಳಿಯರು. ಯಾರ ಅಜ್ಜಿ, ಯಾರ ಮೊಮ್ಮಕ್ಕಳು ಎಂಬ ಪ್ರಶ್ನೆ ಅಲ್ಲಿಯೂ ಇದೆ.

ಅವರಿಗಿಂತ ಮೊದಲೂ ಹಳೆ ಜಾಝನ್ನು ಬದುಕಿಸುವ ಒಂದು ಹುರುಪು ಎದ್ದಿತ್ತು. 1940ರ ಹೊತ್ತಿಗೆ ಸಂಗ್ರಾಹಕರು ಹಳೆಯ ವಾದಕರನ್ನು ಹುಡುಕಿಕೊಂಡು ಹೊರಟರು. ಬಂಕ್ ಜಾನ್ಸನ್ ಎಂಬ ಟ್ರಂಪೆಟ್ ವಾದಕ ಲೂಯಿಸಿಯಾನದ ಒಂದು ಸಣ್ಣ ಊರಲ್ಲಿ ಕೂಲಿನಾಲಿ ಮಾಡಿಕೊಂಡಿದ್ದ. ಬಾಯಲ್ಲಿ ಹಲ್ಲಿರಲಿಲ್ಲ. ಅವನಿಗೆ ಹಲ್ಲು ಕಟ್ಟಿಸಿ, ಟ್ರಂಪೆಟ್ ಕೊಟ್ಟು, 1942ರಲ್ಲಿ ಧ್ವನಿಮುದ್ರಣ ಮಾಡಿದರು. ಬಂದವರಿಗೆ ಬೇಕಿದ್ದುದು ಹಳೆಯದು, ಇನ್ನೂ ಹಳೆಯದು. ಬಂಕ್ ತನ್ನ ಹುಟ್ಟಿದ ವರ್ಷವನ್ನೇ ಹಿಂದಕ್ಕೆ ತಳ್ಳಿ ಹೇಳಿದ್ದ ಎಂದು ನಂತರದ ಸಂಶೋಧಕರು ಬರೆದಿದ್ದಾರೆ. 1947ರಲ್ಲಿ ತನಗೆ ಬೇಕಾದ ವಾದಕರನ್ನು ತಾನೇ ಆರಿಸಿಕೊಂಡು ಮಾಡಿದ ಕೊನೆಯ ಮುದ್ರಣದಲ್ಲಿ ಅವನು ಜನಪ್ರಿಯ ಹಾಡುಗಳನ್ನೂ ನುಡಿಸಿದ. ಅವನನ್ನು ಹುಡುಕಿದವರು ಕಲ್ಪಿಸಿಕೊಂಡಿದ್ದ ಹಳೆಯ ಕಾಲದಲ್ಲಿ ಅವನು ವಾಸವಾಗಿರಲಿಲ್ಲ.

ಇದನ್ನು ಓದಿದಾಗ ನಾಚಿಕೆಯಾಯಿತು. ನಾನೂ ತಾತನ ಮುಂದೆ ಫೋನು ಹಿಡಿದು "ಹಳೇದು ಹಾಡು ತಾತ, ಇನ್ನೂ ಹಳೇದು" ಅನ್ನುತ್ತಿದ್ದೆ. ಅವನು ಪಾಪ, ತನಗೆ ಇಷ್ಟವಾದದ್ದನ್ನು ಹಾಡಿದ್ದ. ರೇಡಿಯೋ, ಕ್ಯಾಸೆಟ್ಟು ಕೇಳಿದ ಮನುಷ್ಯ ಅವನು. ಅವನನ್ನು ಅವನ ಕಾಲದಿಂದ ಕಿತ್ತು ಇನ್ನೂ ಹಿಂದಿನ ಕಾಲದಲ್ಲಿ ನೆಡುವುದು ಒಂದು ಬಗೆಯ ಅಗೌರವವೇ.

ಹಾಗಾದರೆ ಎಲ್ಲವೂ ಬದಲಾಗುತ್ತದೆ, ಗಿಟಾರಾದರೇನು, ಹಾರ್ಮೋನಿಯಮ್ಮಾದರೇನು ಎಂದು ಸುಮ್ಮನಾಗಬಹುದೆ? ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. ಈ ವಾದ ಸುಲಭ, ಅದಕ್ಕೇ ಅನುಮಾನ. ಶುದ್ಧಿಯ ವಾದದವರು ತಪ್ಪನ್ನು ಬ್ಯಾಂಡಿನ ಮೇಲೆ ಹಾಕಿ ಮನೆಗೆ ಹೋಗುತ್ತಾರೆ. ಬದಲಾವಣೆಯ ವಾದದವರು ಏನೂ ಕಳೆದೇ ಇಲ್ಲವೆಂದು ಹೇಳಿ ಮನೆಗೆ ಹೋಗುತ್ತಾರೆ. ಇಬ್ಬರೂ ಹೋದ ಮೇಲೆ ಶಾಮಿಯಾನದ ಕೆಳಗೆ ಉಳಿಯುವವರು ಅದೇ ಮೂವರು.

ಮೇಷ್ಟ್ರು ಕೇಳಿದ್ದು ಧಾಟಿಯ ಬಗ್ಗೆಯೂ ಅಲ್ಲ, ವಾದ್ಯದ ಬಗ್ಗೆಯೂ ಅಲ್ಲ. ಸೊಲ್ಲಿನ ಬಗ್ಗೆ. ತತ್ವಪದದಲ್ಲಿ ಒಬ್ಬರು ಸಾಲು ಹೇಳುತ್ತಾರೆ, ಕೂತವರು ಅದನ್ನು ತಿರುಗಿ ಹೇಳುತ್ತಾರೆ. ಆ ಉಸಿರಿನಷ್ಟು ಹೊತ್ತಿನಲ್ಲಿ ಮುಂದಿನ ಸಾಲು ಹಾಡುವವನಿಗೆ ನೆನಪಾಗುತ್ತದೆ. ಕೂತವರಲ್ಲಿ ಶ್ರುತಿ ಸೇರದವರಿರುತ್ತಾರೆ, ಅರ್ಥ ತಿಳಿಯದವರಿರುತ್ತಾರೆ, ಅಳುವವರಿರುತ್ತಾರೆ. ಅವರನ್ನು ಕೇಳುಗರು ಎಂದು ಕರೆಯಲು ಬರುವುದಿಲ್ಲ. ಹಳೆಯ ಸಂಗೀತವನ್ನು 'ಇಂದಿನ ಕೇಳುಗರಿಗಾಗಿ' ಮತ್ತೆ ಕಟ್ಟಿದೆವು ಎಂದು ಹೇಳುವಾಗ ನಾವು ಗಮನಿಸದೆ ಬಿಡುವ ಸಂಗತಿ ಇದು. ಗಿಟಾರಿಗಿಂತ ಹೊಸದು ಆ ಕೇಳುಗ.

ನ್ಯೂ ಆರ್ಲಿಯನ್ಸಿನಲ್ಲೂ ಹೀಗೇ ಒಂದು ರೂಢಿ ಇದೆ. ಸಾವಿನ ಮೆರವಣಿಗೆಯಲ್ಲಿ ಬ್ಯಾಂಡಿನವರು ಸ್ಮಶಾನಕ್ಕೆ ಹೋಗುವಾಗ ನಿಧಾನದ ಶೋಕಗೀತೆ ನುಡಿಸುತ್ತಾರೆ. ಸತ್ತವರನ್ನು ಬೀಳ್ಕೊಟ್ಟ ಮೇಲೆ ಲಯ ಬದಲಾಗಿ ಕುಣಿತದ ಹಾಡು ಶುರುವಾಗುತ್ತದೆ. ಬ್ಯಾಂಡು ಮತ್ತು ಮನೆಯವರದು ಮೊದಲ ಸಾಲು. ಅವರ ಹಿಂದೆ ಕುಣಿಯುತ್ತ ಬರುವ ಊರವರಿಗೆ 'ಸೆಕೆಂಡ್ ಲೈನ್', ಅಂದರೆ ಎರಡನೇ ಸಾಲು, ಎಂದೇ ಹೆಸರು. ಹೆಸರಿದೆ ಅಂದರೆ ಸ್ಥಾನವಿದೆ. ನಮ್ಮಲ್ಲೂ ಸೊಲ್ಲು ತೆಗೆದುಕೊಳ್ಳುವವರಿಗೆ ಅಂಥದ್ದೇ ಸ್ಥಾನವಿತ್ತು.

ಎಲ್ಲ ಸಂಗೀತಕ್ಕೂ ಇದೇ ಮಾತು ಹೇಳಲಾಗದು. ನಮ್ಮ ತಾಲ್ಲೂಕಿನಲ್ಲೇ ಕಾವೇರಿ ದಡದ ರುದ್ರಪಟ್ಟಣವಿದೆ. ಆರ್.ಕೆ. ಶ್ರೀಕಂಠನ್ (1920–2014) ಸೇರಿದಂತೆ ಎಷ್ಟೋ ಕರ್ನಾಟಕ ಸಂಗೀತ ವಿದ್ವಾಂಸರನ್ನು ಕೊಟ್ಟ ಊರು. ಅವರಲ್ಲಿ ಅನೇಕರು ಊರು ಬಿಟ್ಟು ಮೈಸೂರು, ಬೆಂಗಳೂರು ಸೇರಿದರು. ಸಂಗೀತ ನಶಿಸಲಿಲ್ಲ. ಈಗ ಅಲ್ಲಿ ತಂಬೂರಿಯ ಆಕಾರದ ಮಂದಿರವಿದೆ, ಸಂಗೀತೋತ್ಸವ ನಡೆಯುತ್ತದೆ. ಆ ಸಂಗೀತಕ್ಕೆ ಗುರು, ಶಿಷ್ಯ, ಸಭೆ, ಕೇಳುವ ಕಿವಿ ಇದ್ದರೆ ಎಲ್ಲಿ ಬೇಕಾದರೂ ಬದುಕುತ್ತದೆ. ತತ್ವಪದವನ್ನೂ ಸಭೆಗೆ ಒಯ್ಯಬಹುದು, ಒಯ್ದಿದ್ದಾರೆ, ಅಲ್ಲೂ ಚೆಂದವೇ. ಆದರೆ ಸಾವಿನ ಮನೆಯ ರಾತ್ರಿಯನ್ನು ಸಭೆಗೆ ಒಯ್ಯಲು ಆಗುವುದಿಲ್ಲ.

ಹಾಗೆಂದು ಬ್ಯಾಂಡು ಆ ರಾತ್ರಿಯನ್ನು ಕದ್ದಿತೆ? ಇಲ್ಲ. ಗುಡುಗುಡಿ ಪದ ಮೊಳಗುವ ಮೊದಲೇ ನಮ್ಮೂರ ಮೇಳ ಸೊರಗಿತ್ತು. ಮಕ್ಕಳು ಗಾರ್ಮೆಂಟ್ಸಿಗೆ, ಕಾಲೇಜಿಗೆ, ಬೆಂಗಳೂರಿಗೆ ಹೋದೆವು. ನಾನೂ ಹೋದೆ. ಚಿಕ್ಕಪ್ಪನ ಮಗನಿಗೆ ಷರೀಫರ ಹೆಸರು ಗೊತ್ತಾಗಿದ್ದು ಕಾಲೇಜಿನ ಉತ್ಸವವೊಂದರಲ್ಲಿ ಆ ಬ್ಯಾಂಡಿನ ಹಾಡಿಗೆ ಗೆಳೆಯರ ಜೊತೆ ಕುಣಿದಾಗ. ತಾತನ ಮುಂದೆ ಇಪ್ಪತ್ತು ವರ್ಷ ಓಡಾಡಿದವನಿಗೆ ತಾತನಿಂದ ಗೊತ್ತಾಗಲಿಲ್ಲ. ಸಾವಿನ ಮನೆಯ ಮೌನದಲ್ಲಿ ಅವನಿಗೆ ನೆನಪಾದದ್ದು ಸಿನಿಮಾ ಹಾಡಲ್ಲ, ಷರೀಫರ ಪದ. ಇಡೀ ಮನೆಯಲ್ಲಿ ಭಜನೆಯವರ ಕೆಲಸವನ್ನು ಮುಂದುವರಿಸಲು ನೋಡಿದವನು ಅವನೊಬ್ಬನೇ. ತತ್ವಪದದ ಮೇಲೆ ಪಿಎಚ್.ಡಿ. ಮಾಡುವ ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಮೂವರ ಗಂಟಲು ಕಟ್ಟಿದಾಗ ನಾನೊಂದು ಸೊಲ್ಲು ತೆಗೆದುಕೊಳ್ಳಬಹುದಿತ್ತು. ಪದಗಳೆಲ್ಲ ಗೊತ್ತಿದ್ದವು. ಪಾಠಾಂತರಗಳೂ ಗೊತ್ತಿದ್ದವು.

ಬ್ಯಾಂಡಿಗೂ ಋಣವಿದೆ. ಯಾರ ಬಾಯಿಂದ ಪದ ತಮ್ಮವರೆಗೆ ಬಂತೆಂದು ಹೇಳುವುದು, ವೇದಿಕೆ ದೊಡ್ಡದಾದಾಗ ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು, ಬಂದ ದುಡ್ಡಿನಲ್ಲಿ ಅವರಿಗೊಂದು ಪಾಲು ಕೊಡುವುದು. ಷರೀಫರ ಹೆಸರು ಹೇಳಿದರೆ ಅರ್ಧ ಋಣ ಮಾತ್ರ ತೀರುತ್ತದೆ. ಷರೀಫರು ಹೋಗಿ ನೂರಮೂವತ್ತು ವರ್ಷ ದಾಟಿತು, ನಡುವಿನ ಆ ವರ್ಷಗಳನ್ನು ಹೊತ್ತು ತಂದವರಿಗೆ ಹೆಸರಿಲ್ಲ. ಇದು ನನಗೂ ಅನ್ವಯಿಸುತ್ತದೆ, ನನ್ನ ಪ್ರಬಂಧಕ್ಕೂ ಅನ್ವಯಿಸುತ್ತದೆ. ಆದರೆ ನಮ್ಮ ಊರಿನ ಸಾವಿಗೆ ಬಂದು ಕೂರುವ ಕೆಲಸವನ್ನು ಯಾವ ಬ್ಯಾಂಡಿಗೂ ವಹಿಸಿಕೊಡಲಾಗದು. ಆ ಕೆಲಸ ಯಾರದೆಂದು ಕೇಳಿಕೊಳ್ಳುವ ಬದಲು ಧಾಟಿ ಯಾರದೆಂದು ಜಗಳವಾಡುವುದು ನನಗೆ ಅನುಕೂಲವಾಗಿತ್ತು.

ಅಧ್ಯಾಯದ ಹೆಸರನ್ನು ಈಗ 'ಧಾಟಿಗಳು' ಎಂದಷ್ಟೇ ಬದಲಿಸಿದ್ದೇನೆ. ತಾತನ ಕೋಡಗನ ಕೋಳಿಯನ್ನು ಸೇರಿಸಿದ್ದೇನೆ, ಅದು ಎಲ್ಲಿಂದ ಬಂತು ಎಂಬುದರ ಸಮೇತ.

ಹೋದ ತಿಂಗಳು ಹೊಳೆನರಸೀಪುರದ ಕಡೆಯ ಒಂದು ಹಳ್ಳಿಯಲ್ಲಿ ಸಾವಾಗಿತ್ತು. ಮೇಷ್ಟ್ರು ಫೋನು ಮಾಡಿಸಿದ್ದರು. ಪರಿಚಯವಿಲ್ಲದವರ ಮನೆ. ರೆಕಾರ್ಡರನ್ನು ಹಾಸನದ ರೂಮಿನಲ್ಲೇ ಬಿಟ್ಟು ಹೋದೆ. ಹೆಂಗಸರ ಸಾಲಿನ ತುದಿಯಲ್ಲಿ ಕೂತೆ. ಮೊದಲೆರಡು ಪದಕ್ಕೆ ಬಾಯಿ ಬರಲಿಲ್ಲ. ಮೂರನೆಯದಕ್ಕೆ ಮೇಷ್ಟ್ರು ಹಾರ್ಮೋನಿಯಮ್ಮಿನ ಮೇಲಿಂದ ತಲೆಯೆತ್ತಿ, ಎಲ್ಲರ ಮುಂದೆ, "ತಗಳವ್ವ ಸೊಲ್ಲ" ಅಂದರು. ತೆಗೆದುಕೊಂಡೆ. ಶ್ರುತಿ ಸೇರಲಿಲ್ಲ. ಪಕ್ಕದಲ್ಲಿದ್ದ ಸೊಸೆಯೊಬ್ಬಳು ತಿರುಗಿ ನೋಡಿ, ಮುಂದಿನ ಸಾಲಿಗೆ ತಾನೂ ಸೇರಿದಳು. ಮೇಷ್ಟ್ರಿಗೆ ಉಸಿರೆಳೆದುಕೊಳ್ಳಲು ಅಷ್ಟು ಹೊತ್ತು ಸಿಕ್ಕಿತು.